ಮೊಣಕಾಲ ಕೆಳಗಿನ ದಿಂಬು

ಫಿಸಿಯೋಥೆರಪಿ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಚಿಕ್ಕೋಡಿಯ ನನ್ನ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದೇ ಮಷೀನಿನ ಸುದ್ದಿ. ಯಾವುದು ಒಳ್ಳೆಯದು, ಎಷ್ಟು ಹೊತ್ತು ಹಚ್ಚಬೇಕು, ಯಾವ ನೋವಿಗೆ ಯಾವ ಗುಂಡಿ ಒತ್ತಬೇಕು. ನಾನು ಚಹಾ ಕೊಟ್ಟು ತೆಪ್ಪಗೆ ಕೇಳುತ್ತೇನೆ. ಚಹಾ ಮುಗಿದ ಮೇಲೆ, “ಏಳು, ನೆಟ್ಟಗ ನಿಂದ್ರು” ಅಂದು, ಅವರ ಮೊಣಕಾಲ ಚಿಪ್ಪನ್ನು ಹಿಡಿದು ಅಲುಗಾಡಿಸಿ ತೋರಿಸುತ್ತೇನೆ. ಅದು ಅತ್ತ ಇತ್ತ ಸಡಿಲಾಗಿ ಸರಿಯುತ್ತದೆ. “ಈಗ ಸ್ವಲ್ಪ ಬಗ್ಗಸು” ಅಂದರೆ ಸಾಕು, ಚಿಪ್ಪು ಬಿಗಿದು ಕೂತುಬಿಡುತ್ತದೆ. ಯಾಕೆ ಹೀಗೆ ಅಂತ ಕೇಳಿದರೆ ಪುಸ್ತಕದ ಉತ್ತರ ಸರಸರ ಬರುತ್ತದೆ, ಆದರೆ ಮುಖದಲ್ಲಿ ಒಂದಿಷ್ಟೂ ಬೆರಗು ಇರುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ಬೆರಗಾಗಬೇಕಾದ ಸಂಗತಿ ನೋಡ್ರಪ್ಪ ಅದು. ಮೊಣಕಾಲು ಬಾಗಿಲ ತಿರುಗಣಿಯ ಹಾಗೆ ಎಂದು ಕಲಿಸುತ್ತಾರೆ. ಅದು ಅರ್ಧ ಮಾತು. ತೊಡೆಯ ಎಲುಬು ಕೆಳಗಿನ ಎಲುಬಿನ ಮೇಲೆ ಉರುಳುತ್ತದೆ, ಉರುಳುತ್ತಲೇ ಜಾರುತ್ತದೆ, ಕಾಲು ಪೂರ್ತಿ ನೆಟ್ಟಗಾಗುವ ಕಡೆಯ ಗಳಿಗೆಯಲ್ಲಿ ಒಂಚೂರು ಹೊರಳಿ ಚಿಲಕ ಹಾಕಿಕೊಂಡಂತೆ ಕೂರುತ್ತದೆ. ಚಿಲಕ ಬಿದ್ದ ಮೇಲೆ ತೊಡೆಯ ಸ್ನಾಯುವಿಗೆ ವಿಶ್ರಾಂತಿ. ಅದಕ್ಕೇ ನಾವು ರಾಯಬಾಗದ ಬಸ್ಸಿಗಾಗಿ ತಾಸುಗಟ್ಟಲೆ ನಿಂತರೂ ಬೀಳುವುದಿಲ್ಲ, ಬಸ್ಸಿನವನನ್ನು ಬೈಯಲೂ ಶಕ್ತಿ ಉಳಿದಿರುತ್ತದೆ. ಅದೇ ಕಾಲು ಎರಡು ಬೆರಳಿನಷ್ಟು ಬಾಗಿದ್ದಲ್ಲೇ ಗಟ್ಟಿಯಾದರೆ ಪಾಪ ಆ ಸ್ನಾಯು ಇಡೀ ಮೈಯನ್ನು ಹೊತ್ತುಕೊಂಡೇ ಇರಬೇಕು. ಸ್ವಲ್ಪ ಹೊತ್ತಿಗೆ ಸೋತು ನಡುಗತೊಡಗುತ್ತದೆ. ನನ್ನ ನೌಕರಿಯ ಅತಿ ದೊಡ್ಡ ಜಗಳ ಈ ಎರಡು ಬೆರಳಿನ ಸಲುವಾಗಿಯೇ ನಡೆದದ್ದು. ಅದನ್ನು ಹೇಳುವ ಮೊದಲು ಹಳೆಯ ಒಂದೆರಡು ಸಂಗತಿ ಹೇಳಿಬಿಡುತ್ತೇನೆ.

ನಾನು ಕೆಲಸ ಶುರು ಮಾಡಿದ್ದು ನಿಪ್ಪಾಣಿಯ ಒಂದು ಸಣ್ಣ ದವಾಖಾನೆಯಲ್ಲಿ. ನಮ್ಮ ಖೋಲಿಯಲ್ಲಿ ಇದ್ದದ್ದು ಮೇಣ ಕಾಯಿಸುವ ಒಂದು ಡಬರಿ, ಶೇಕ ಕೊಡುವ ಒಂದು ಪೆಟ್ಟಿಗೆ, ಮರಳು ತುಂಬಿದ ಒಂದಿಷ್ಟು ಚೀಲ. ಜನರ ಲೆಕ್ಕದಲ್ಲಿ ನನ್ನ ಕೆಲಸಕ್ಕೆ ‘ಕರೆಂಟ್ ಹಚ್ಚೂದು’ ಅಂತ ಹೆಸರು. ಬರೀ ಕೈಯಿಂದ ಕಾಲು ಎತ್ತಿಸಿ ಇಳಿಸಿದರೆ ಮೋಸ ಮಾಡಿದಳು ಅಂದುಕೊಳ್ಳುತ್ತಿದ್ದರು. ಅಲ್ಲಿಯ ಹಿರಿಯ ಡಾಕ್ಟರರಿಗೆ ಪ್ಲಾಸ್ಟರ್ ಎಂದರೆ ಪ್ರಾಣ. ಮಣಿಕಟ್ಟು ಮುರಿದರೆ ಮೊಣಕೈ ದಾಟಿಸಿ, ಇತ್ತ ಬೆರಳೂ ಮುಚ್ಚುವಂತೆ ಹಾಕಿಬಿಡುತ್ತಿದ್ದರು. “ಅಲಗಾಡಲಿಲ್ಲ ಅಂದ್ರ ಕೂಡತೈತಿ” ಎಂದು ಎಲ್ಲರಿಗೂ ಅದೇ ಮಾತು.

ಎಲುಬಿನ ಮಟ್ಟಿಗೆ ಅದು ಖರೆ. ಕೀಲಿನ ಸ್ವಭಾವವೇ ಬೇರೆ. ಎಲುಬಿನ ತುದಿಗೆ ಹೊದಿಸಿದ ನುಣುಪಾದ ಪದರವಿದೆಯಲ್ಲ, ಅದಕ್ಕೆ ತನ್ನದೇ ಆದ ರಕ್ತನಾಳ ಇಲ್ಲ. ಕೀಲಿನೊಳಗೆ ತತ್ತಿಯ ಬಿಳಿ ಲೋಳೆಯಂಥ ರಸ ಇರುತ್ತದೆ, ಅದೇ ಆ ಪದರಕ್ಕೆ ಅನ್ನ. ಕೀಲು ಆಡಿದಾಗ, ಒತ್ತಿ ಬಿಟ್ಟಾಗ, ಆ ರಸ ಒಳಗೆ ಇಳಿಯುತ್ತದೆ. ಆಡಿಸದೆ ಇಟ್ಟರೆ ಕೀಲು ಉಪವಾಸ ಬೀಳುತ್ತದೆ. ಇದನ್ನು ಆ ಡಾಕ್ಟರರಿಗೆ ಹೇಳುವ ಧೈರ್ಯ ಆಗ ನನಗಿರಲಿಲ್ಲ.

ಹಾಗೆ ಪ್ಲಾಸ್ಟರಿನಿಂದ ಹೊರಬಂದವಳು ಶೇವಂತಾ, ಬೀಡಿ ಕಟ್ಟುವ ಹೆಂಗಸು. ಮಣಿಕಟ್ಟು ಚೆಂದ ಕೂಡಿತ್ತು, ಹೆಬ್ಬೆರಳು ಮಾತ್ರ ಮರಗಟ್ಟಿತ್ತು. ಹೆಬ್ಬೆರಳ ಬುಡದ ಕೀಲು ಬಲು ಸೊಗಸಿನದು. ಎರಡು ಕುದುರೆ ಜೀನುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಕೂರಿಸಿದಂತೆ ಇರುತ್ತದೆ. ಅದರಿಂದಲೇ ಹೆಬ್ಬೆರಳು ಉಳಿದ ನಾಲ್ಕೂ ಬೆರಳನ್ನು ಹೋಗಿ ಮುಟ್ಟಬಲ್ಲದು. ನಾನು ರಬ್ಬರ್ ಚೆಂಡು ಕೊಟ್ಟು ಹಿಚುಕು ಅಂದೆ. “ಅಯ್ಯ, ಈ ವಯಸ್ಸಿನ್ಯಾಗ ನನಗ ಚಂಡಾಟ ಹಚ್ಚೀರಲ್ರಿ ಅಕ್ಕಾರ” ಅಂತ ಅವಳು ಚೆಂಡನ್ನು ಮನೆಗೆ ಒಯ್ದು ಮೊಮ್ಮಗಳಿಗೆ ಕೊಟ್ಟುಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು.

“ಹಂಗಾರ ನಾಳೆ ನಿನ್ನ ಬೀಡಿ ಮರಾನ ತೊಗೊಂಬಾ. ಇಲ್ಲೇ ಕುಂತು ಕಟ್ಟು” ಅಂದೆ.

ಸಿಟ್ಟಿನ ಭರಕ್ಕೆ ಅಂದ ಮಾತು. ಅವಳು ನಿಜಕ್ಕೂ ಮೊರ, ಎಲೆ, ತಂಬಾಕು, ದಾರ ಎಲ್ಲ ಹೊತ್ತು ತಂದಳು. ನಾನೂ ಹಿಂದೆ ಸರಿಯಲಿಲ್ಲ. ಧೂಮಪಾನ ನಿಷೇಧಿಸಿದೆ ಎಂಬ ಫಲಕದ ಬುಡದಲ್ಲೇ ಶೇವಂತಾ ದಿನಾ ಕೂತು ಬೀಡಿ ಕಟ್ಟತೊಡಗಿದಳು. ಚೆಂಡಿಗೆ ಬಗ್ಗದ ಹೆಬ್ಬೆರಳು ಎಲೆಗೆ ಬಗ್ಗಿತು. ಒಂದು ಬೆಳಿಗ್ಗೆ ಹಿರಿಯ ಡಾಕ್ಟರರು ಬಂದು ಅವಳ ಮುಂದೆ ನಿಂತರು. ಅವರು ಒಂದು ಬೀಡಿ ಎತ್ತಿ, ತಿರುಗಿಸಿ ನೋಡಿ, “ಹೆಬ್ಬಟ್ಟು ಕೆಲಸಾ ಮಾಡಾಕತ್ತೈತಿ” ಅಂದು, ಅದನ್ನು ಮೆಲ್ಲಗೆ ಕಿಸೆಯೊಳಗೆ ಇಳಿಬಿಟ್ಟು ನಡೆದುಬಿಟ್ಟರು. ಆಮೇಲೆ ಅವರ ಪ್ಲಾಸ್ಟರ್ ಹೆಬ್ಬೆರಳನ್ನು ಬಿಟ್ಟು ಕೆಳಗೇ ನಿಲ್ಲತೊಡಗಿತು.

ಮುಂದೆ ರಾಯಬಾಗ, ಅದಾದ ಮೇಲೆ ಅಥಣಿ. ಅಥಣಿಯಲ್ಲಿ ದ್ರಾಕ್ಷಿ ಪಡದಲ್ಲಿ ಗೊನೆ ಕೊಯ್ಯುವ ಹೆಂಗಸರ ಭುಜಗಳು ನನ್ನ ಪಾಲಿಗೆ ಬಂದವು. ಅಲ್ಲೇ ಹತ್ತಿರದ ಅನಂತಪುರದ ಸಾವಿತ್ರಿಯ ಭುಜ ಬಿಗಿದುಕೊಂಡು ಕೈ ಕಿವಿಯ ಮಟ್ಟಕ್ಕೂ ಏರುತ್ತಿರಲಿಲ್ಲ. ಭುಜದ ಗುಂಡು ಕೂರುವುದು ತಟ್ಟೆಯಷ್ಟು ಆಳವಿಲ್ಲದ ಜಾಗದಲ್ಲಿ. ಅದಕ್ಕೇ ಅದು ಮೈಯಲ್ಲೇ ಹೆಚ್ಚು ಸ್ವತಂತ್ರ, ಅದಕ್ಕೇ ಹೆಚ್ಚು ರಗಳೆ. ಗೋಡೆಯ ಮೇಲೆ ಬೆರಳು ಹತ್ತಿಸುತ್ತಾ ಹೋಗು ಅಂದರೆ, “ಗ್ವಾಡಿ ಏರಾಕ ನಾ ಏನ ಹಲ್ಲಿ ಏನ್ರಿ?” ಅಂತ ನನ್ನನ್ನೇ ಕೇಳಿದಳು. ಒಂದು ದಿನ ಅವರ ಪಡಕ್ಕೇ ಹೋಗಿ, ಕೈಗೆ ಎಟಕುವ ಗೊನೆ ಯಾವುದು, ಎಟಕದ್ದು ಯಾವುದು ತೋರಿಸು ಅಂದೆ. ದಿನಕ್ಕೆ ಇಷ್ಟಿಷ್ಟೇ ಮೇಲಿನ ಗೊನೆ ಮುಟ್ಟುತ್ತಾ ಮುಟ್ಟುತ್ತಾ ಅವಳ ಭುಜ ಬಿಟ್ಟುಕೊಂಡಿತು. ಆಗಿನಿಂದ ನಾನು ರೋಗಿಯನ್ನು ನೋಡಿದ ಕೂಡಲೇ, ಈ ಕೀಲಿನಿಂದ ನಿನಗೆ ಏನು ಮಾಡಬೇಕಾಗಿದೆ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ.

ಚಂಪಾಬಾಯಿಗೂ ಅದನ್ನೇ ಕೇಳಿದ್ದು. ಅವರು ಕಾಗವಾಡದವರು. ಹಿಂದಿನಿಂದಲೂ ಅಲ್ಲೇ ನೆಲೆಸಿದ ಜೈನ ರೈತ ಮನೆತನ, ಕಬ್ಬು, ದ್ರಾಕ್ಷಿ ಎರಡೂ ಇದ್ದ ತುಂಬಿದ ಮನೆ. ಮಗ ಸೊಸೆ ಮೊದಲಾಗಿ ಊರಿಗೆಲ್ಲ ಅವರು ‘ಆಯಿ’. ಎಪ್ಪತ್ತು ದಾಟಿದ, ಸಣ್ಣ ಮೈಯ, ದೊಡ್ಡ ದನಿಯ ಹೆಂಗಸು. ಬಲಗಾಲಿನ ಮೊಣಕಾಲು ಪೂರ್ತಿ ಸವೆದು ಹೋಗಿ, ಅಥಣಿಯ ನಮ್ಮ ದವಾಖಾನೆಗೆ ಕೀಲು ಬದಲಿಸುವ ಆಪರೇಷನ್ನಿಗೆ ಬಂದಿದ್ದರು. ಕಾಲು ಸರಿಯಾದ ಮೇಲೆ ಏನು ಮಾಡಬೇಕು ಅಂತ ಮನಸ್ಸಿದೆ, ಹೊಲಕ್ಕೆ ಹೋಗಬೇಕೇನು ಅಂದೆ.

“ಹೊಲಾ ನೋಡಾಕ ಮಗಾ ಅದಾನ್ರಿ. ನಾ ನಿಂದ್ರಬೇಕು. ಮಹಾರಾಜರಿಗೆ ಆಹಾರ ಕೊಡಬೇಕು. ಅಷ್ಟ” ಅಂದರು.

ತಿಳಿಯದವರಿಗೆ ಹೇಳುತ್ತೇನೆ. ಮಳೆಗಾಲದ ಚಾತುರ್ಮಾಸದಲ್ಲಿ, ಮಹಾರಾಜರು ಎಂದು ಕರೆಯುವ ದಿಗಂಬರ ಮುನಿಗಳು ಒಂದೇ ಊರಲ್ಲಿ ನೆಲೆ ನಿಲ್ಲುತ್ತಾರೆ. ಅವರಿಗೆ ದಿನಕ್ಕೆ ಒಂದೇ ಹೊತ್ತು ಆಹಾರ, ಅದೂ ನಿಂತುಕೊಂಡು, ತಮ್ಮ ಬೊಗಸೆಯಲ್ಲೇ. ಇಂಥವರ ಮನೆಗೆ ಬರುತ್ತೇವೆ ಅಂತ ಮೊದಲೇ ಹೇಳುವುದಿಲ್ಲ. ಮನೆಮನೆಯವರೂ ಮಡಿಯುಟ್ಟು, ಕಲಶ ಹಿಡಿದು, ಬಾಗಿಲ ಮುಂದೆ ನಿಂತು ಕರೆಯುತ್ತಾರೆ. ಮುನಿಗಳು ಯಾರಿಗೂ ಹೇಳದ ಒಂದು ಸಂಕಲ್ಪ ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ಅದು ಎಲ್ಲಿ ಕೂಡಿಬಂತೋ ಆ ಬಾಗಿಲಲ್ಲಿ ನಿಲ್ಲುತ್ತಾರೆ. ಕೊಡುವವರೂ ನಿಂತೇ ಕೊಡಬೇಕು. ಆಯಿ ಮದುವೆಯಾಗಿ ಬಂದ ವರ್ಷದಿಂದ, ಹಿಂದಿನ ವರ್ಷವೊಂದನ್ನು ಬಿಟ್ಟರೆ, ಒಂದು ಚಾತುರ್ಮಾಸವನ್ನೂ ತಪ್ಪಿಸಿದವರಲ್ಲ.

“ಹ್ವಾದ ವರ್ಷ ನಿಂದ್ರಾಕ ಆಗಲಿಲ್ಲ ತಂಗಿ. ಒಳಗ ಮಂಚದ ಮ್ಯಾಲ ಮಲಗಿ ಕಿಡಕ್ಯಾಗಿಂದ ನೋಡಿದ್ನಿ. ನನ್ನ ಮನೀ, ನನ್ನ ಒಲಿ. ನಾ ಮಾತ್ರ ಯಾರೋ ಬ್ಯಾರೇದಾಕಿ ಹಂಗ ಬಿದ್ದಿದ್ನಿ” ಅಂದರು. ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು.

ವೈಶಾಖದಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ನಮ್ಮ ದೊಡ್ಡ ಡಾಕ್ಟರರು ಕಡಿಮೆ ಮಾತಿನವರು. “ನನ್ನ ಕೆಲಸ ತಾಸಿನ್ಯಾಗ ಮುಗೀತು. ನಿಮ್ಮದು ಇನ್ನ ತಿಂಗಳಗಟ್ಲೆ ಐತಿ” ಅಂದು ನನಗೆ ಒಪ್ಪಿಸಿಬಿಟ್ಟರು. ನಾನು ಕೆಲಸಕ್ಕೆ ಸೇರಿದಾಗ ಇಂಥವರನ್ನು ವಾರಗಟ್ಟಲೆ ಹಾಸಿಗೆಗೆ ಕಟ್ಟಿಹಾಕುತ್ತಿದ್ದೆವು. ಈಗ ಮರುದಿನವೇ ಎಬ್ಬಿಸಿ ನಡೆಸುತ್ತೇವೆ. ಆಯಿ ವಾಕರ್ ಹಿಡಿದು ನಡೆದರು, ಕಾಲು ನೆಟ್ಟಗೆ ಚಾಚಿದರು. ವಾರಕ್ಕೊಮ್ಮೆ ಬಂದು ತೋರಿಸಿ ಎಂದು ಹೇಳಿ ಮನೆಗೆ ಕಳಿಸಿದೆ. ಬರಲಿಲ್ಲ. ಎರಡನೆಯ ವಾರವೂ ಬರಲಿಲ್ಲ. ಫೋನ್ ಮಾಡಿದರೆ ಮಗ ಭರತ ಹೆಮ್ಮೆಯಿಂದ, “ಆಯಿ ಭಾಳ ಆರಾಮ ಅದಾಳ್ರಿ ಅಕ್ಕಾರ. ಹಾಸಿಗಿ ಬಿಟ್ಟು ಕದಲಲಾರದಂಗ ನೋಡ್ಕೊಂಡೀವಿ” ಅಂದ. ಮರುದಿನ ಬೆಳಿಗ್ಗೆಯೇ ಕಾಗವಾಡದ ಬಸ್ಸು ಹಿಡಿದೆ.

ಹೋಗಿ ನೋಡಿದರೆ ಆಯಿ ಮಹಾರಾಣಿಯಂತೆ ಮಲಗಿದ್ದಾರೆ. ಊಟ ಹಾಸಿಗೆಗೆ, ನೀರು ಹಾಸಿಗೆಗೆ. ಆಪರೇಷನ್ ಆದ ಮೊಣಕಾಲ ಕೆಳಗೆ ಮೆತ್ತನೆಯ ದಿಂಬು, ದಿಂಬಿನ ಮೇಲೆ ಮಡಿಸಿದ ಕೌದಿ, ಕೌದಿಯ ಮೇಲೆ ಇನ್ನೊಂದು ದಿಂಬು. ನಮ್ಮ ಕಡೆ ಹಾಸಿಗೆ ಹಿಡಿದವರನ್ನು ಮಾತಾಡಿಸಲು ನೆಂಟರೆಲ್ಲ ಬರುತ್ತಾರಲ್ಲ, ಬಂದ ಹೆಣ್ಣುಮಕ್ಕಳು ಸುಮ್ಮನೆ ಕೂರುವುದಿಲ್ಲ. ಪಾದ ಒತ್ತುತ್ತಾರೆ, ಹೊದಿಕೆ ಸರಿಮಾಡುತ್ತಾರೆ, ದಿಂಬು ಕೊಡವಿ ಮತ್ತೆ ಇಡುತ್ತಾರೆ. ಹತ್ತಿರದ ನೆಂಟರಾದಷ್ಟೂ ದಿಂಬು ಎತ್ತರ. ಅವತ್ತು ಶಿರಗುಪ್ಪಿಯಿಂದ ಬಂದಿದ್ದ ನಾದಿನಿ ಮೂರನೆಯ ದಿಂಬು ಹಿಡಿದುಕೊಂಡೇ ನಿಂತಿದ್ದರು.

ನಾನು ನಮಸ್ಕಾರವನ್ನೂ ಹೇಳದೆ ಆ ಗುಡ್ಡವನ್ನೆಲ್ಲ ಎಳೆದು ಹಾಕಿದೆ. ಆಯಿ ಕಿರುಚಿದರು. ಕಾಲು ಕೆಳಗೆ ಇಳಿಯಲಿಲ್ಲ, ಮೊಣಕಾಲು ಹಾಗೆಯೇ ಗಾಳಿಯಲ್ಲಿ ನಿಂತಿತು. ಮೊಣಕಾಲಿಗೂ ಹಾಸಿಗೆಗೂ ನಡುವೆ ಕೈ ತೂರಿಸಿದೆ. ನೆಟ್ಟಗಾದ ಕಾಲಿನ ಕೆಳಗೆ ಬೆರಳು ತೂರುವುದೂ ಕಷ್ಟ. ಇಲ್ಲಿ ನನ್ನ ಮುಷ್ಟಿ ಸಲೀಸಾಗಿ ಹೋಗಿಬಂತು.

“ಯಾರ ಇಟ್ಟಾವ್ರು ಇದನ್ನ?” ಅಂತ ಒದರಿದೆ.

ಭರತ ಬಾಗಿಲಿಗೆ ಬಂದ. ಐವತ್ತರ ಆಸುಪಾಸಿನ ದಪ್ಪ ಮೀಸೆಯ ಗಂಡಸು. “ನಾನ ಇಟ್ಟೀನ್ರಿ. ದಿಂಬು ಇಟ್ರ ಆಕೀಗೆ ಆರಾಮ ಅನಸ್ತೈತಿ. ನಮ್ಮ ಆಯೀನ ಒದರಸಾಕ ನಿಮ್ಮನ್ನ ಕರದಿಲ್ರಿ ನಾವು” ಅಂದ.

“ಆರಾಮ ಅನಸ್ತೈತಿ, ಅದ ಗಂಡಾಂತರ. ಬಾವು ಬಂದ ಕೀಲಿಗೆ ಒಂದೀಟ ಬಗ್ಗಿದ್ರನ ಹಿತಾ. ಒಳಗ ಜಾಗಾ ಜಾಸ್ತಿ ಸಿಗತೈತಿ. ಹಂಗ ಬಗ್ಗಸೇ ಇಟ್ರಿ ಅಂದ್ರ ಹಿಂದಿನ ನರಾ, ಚರ್ಮಾ, ಎಲ್ಲಾ ಅಷ್ಟಕ್ಕ ಗಿಡ್ಡ ಆಗತಾವು. ಆಮ್ಯಾಲ ಆಯಿ ನಡದಾಳು, ಕುಂತಾಳು. ನಿಂದ್ರೂದು ಮಾತ್ರ ಮರತಬಿಡ್ರಿ.”

ಕೊನೆಯ ಮಾತು ಆಯಿಯ ಕಿವಿಗೆ ಬಿತ್ತು. ಕಿರುಚಾಟ ನಿಂತಿತು. ಅವರು ನನ್ನನ್ನು ಬಿಟ್ಟು ಮಗನ ಮುಖ ನೋಡಿದರು. ಭರತನ ಮೀಸೆಯ ಕೆಳಗೆ ತುಟಿ ಅದುರಿತು. ಪ್ರೀತಿಯಿಂದ ಮಾಡಿದ ತಪ್ಪನ್ನು ಬೈಯುವುದು ಎಷ್ಟು ಕಠಿಣ ಎಂದು ನನ್ನಂಥ ಬಜಾರಿಗೂ ಅವತ್ತು ತಿಳಿಯಿತು. ನಾದಿನಿ ಮೆಲ್ಲಗೆ ತಮ್ಮ ಕೈಯ ದಿಂಬನ್ನು ಮೂಲೆಗೆ ಇಟ್ಟರು.

ಅಥಣಿಗೆ ಕರೆದೊಯ್ದು ತೋರಿಸಿದಾಗ ದೊಡ್ಡ ಡಾಕ್ಟರರು, ಹೀಗೇ ಉಳಿದರೆ ಮತ್ತೆ ಅರಿವಳಿಕೆ ಕೊಟ್ಟು ಕಾಲನ್ನು ನೆಟ್ಟಗೆ ಮಾಡಬೇಕಾದೀತು ಅಂದರು. ಆಯಿ ಬಿಲ್‌ಕುಲ್ ಒಪ್ಪಲಿಲ್ಲ. ಚಾತುರ್ಮಾಸಕ್ಕೆ ಇನ್ನು ಸ್ವಲ್ಪೇ ದಿನ ಉಳಿದಿತ್ತು. ನಾನು ದಿನ ಬಿಟ್ಟು ದಿನ ಕಾಗವಾಡಕ್ಕೆ ಹೋಗತೊಡಗಿದೆ. ಮೊಣಕಾಲ ಕೆಳಗಿದ್ದ ದಿಂಬನ್ನು ಹಿಮ್ಮಡಿಯ ಕೆಳಗೆ ಇಟ್ಟೆ, ಮೊಣಕಾಲು ತನ್ನ ಭಾರಕ್ಕೆ ತಾನೇ ಇಳಿಯಲಿ ಅಂತ. ಆಮೇಲೆ ಮೊಣಕಾಲನ್ನು ಹಾಸಿಗೆಯತ್ತ ಒತ್ತಿ ಹಿಡಿಯಬೇಕು. ಎಷ್ಟು ಹೊತ್ತು ಅಂತ ಆಯಿ ಕೇಳಿದರು. “ಒಂದು ಣಮೋಕಾರ ಮಂತ್ರಾ ಹೇಳಿ ಮುಗಿಸೂ ತನಕ” ಅಂದೆ. ಅದು ಸರಿಹೋಯಿತು. ಆಯಿಯ ಪ್ರಕಾರ ಮಂತ್ರದ ನಡುವೆ ಅಯ್ಯೋ ಅನ್ನುವಂತಿಲ್ಲ. ಹಣೆಯಲ್ಲಿ ಬೆವರು ಇಳಿಯುತ್ತಿದ್ದರೂ ಕಣ್ಣು ಮುಚ್ಚಿ ಮಂತ್ರ ಮುಗಿಸುತ್ತಿದ್ದರು. ಮುಗಿದ ಮರುಕ್ಷಣವೇ, “ನೀ ಯಾವ ಜನ್ಮದ ವೈರೀನ ತಂಗಿ ನನಗ?” ಅಂತ ಶುರುಮಾಡುತ್ತಿದ್ದರು. “ಎಲ್ಲಾ ಜನ್ಮದ್ದೂ ಸೇರಿಸಿ ಈಗ ತೀರ್ಸಾಕತ್ತೀನ್ರಿ. ಇನ್ನೊಂದು ಮಂತ್ರಾ ಹೇಳ್ರಿ” ಅನ್ನುತ್ತಿದ್ದೆ.

ಭರತನಿಗೂ ಒಂದು ಕೆಲಸ ಹಚ್ಚಿದೆ. “ಕೈ ಕಟ್ಕೊಂಡು ಕುಂದರ್ರಿ. ಆಯಿ ನೀರು ಬೇಕಂದ್ರ ಆಕೀನ ಎದ್ದು ತೊಗೊಳ್ಳಿ. ನೀವು ಏಳಬ್ಯಾಡ್ರಿ.” ಆ ಮನುಷ್ಯನಿಗೆ ಇದಕ್ಕಿಂತ ಕಬ್ಬಿನ ಹೊರೆ ಹೊರುವುದು ಹಗುರ ಅನಿಸಿರಬೇಕು. ತಾಯಿ ವಾಕರ್ ಹಿಡಿದು ಏಳುವಾಗ ಇವನ ಕೈ ತಾನಾಗಿಯೇ ಮುಂದೆ ಚಾಚುತ್ತಿತ್ತು. ನಾನು ಗುರಾಯಿಸಿದರೆ ಎದ್ದು ಅಂಗಳಕ್ಕೆ ಹೋಗಿ ಟ್ರ್ಯಾಕ್ಟರಿನ ಸುತ್ತ ಸುಮ್ಮನೆ ಸುತ್ತುತ್ತಿದ್ದ. ಸೊಸೆ ಸುರೇಖಾ, “ಇವ್ರಿಗೂ ಏನರ ಒಂದು ವ್ಯಾಯಾಮ ಹೇಳ್ರಿ ಅಕ್ಕಾರ, ಎದಿ ಗಟ್ಟಿ ಆಗೂವಂಥಾದ್ದು” ಅಂತ ನಗುತ್ತಿದ್ದಳು.

ಮುಷ್ಟಿ ಹೋಗುತ್ತಿದ್ದ ಜಾಗದಲ್ಲಿ ನಾಲ್ಕು ಬೆರಳು ಹೋಗುವಂತಾಯಿತು. ಆಮೇಲೆ ಮೂರು, ಆಮೇಲೆ ಎರಡು. ಅಲ್ಲಿಗೆ ನಿಂತಿತು. ದಿನ ಹೋಗಿ ದಿನ ಬಂದರೂ ಅದೇ ಎರಡು ಬೆರಳು. ನಿಂತರೆ ಆಯಿಯ ತೊಡೆ ಸ್ವಲ್ಪದರಲ್ಲೇ ನಡುಗುತ್ತಿತ್ತು. ಆಷಾಢ ಹುಟ್ಟಿತು, ಬಸದಿಯಲ್ಲಿ ಮುನಿಗಳ ಸ್ವಾಗತಕ್ಕೆ ಸಿದ್ಧತೆ ನಡೆಯಿತು. ಒಂದು ಮುಂಜಾನೆ ಆಯಿ ಮಂತ್ರ ಶುರುಮಾಡಲಿಲ್ಲ.

“ಖರೆ ಹೇಳ ತಂಗಿ. ನಂದು ಆಗೂದಿಲ್ಲೇನ?”

ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. “ನನಗ ಗೊತ್ತಿಲ್ರಿ ಆಯಿ” ಅಂದೆ. ನನ್ನ ಕಣ್ಣಲ್ಲಿ ನೀರು ಬಂತು. ಆಯಿ ನನ್ನ ಗಲ್ಲ ಸವರಿ, “ಇರಲಿ ಬಿಡ. ಅಳಬ್ಯಾಡ. ಎದ್ದು ಹೋಗಿ ಗೋದಿ ಹಸನ ಮಾಡೂದರ ಮಾಡತೀನಿ. ಮಹಾರಾಜರ ಅಡಗಿಗೆ ಮಂದಿ ಕೈಯಾಗಿನ ಗೋದಿ ಬ್ಯಾಡ” ಅಂದರು.

ಆ ಮನೆಯಲ್ಲಿ ಮುನಿಗಳ ಅಡಿಗೆಗೆ ಪೇಟೆಯ ಹಿಟ್ಟು ನಡೆಯುವುದಿಲ್ಲ. ಕಾಳು ಕಾಳಾಗಿ ಹಸನು ಮಾಡಿ ಮನೆಯಲ್ಲೇ ಬೀಸಬೇಕು. ನನಗೆ ಅಷ್ಟೇ ಬೇಕಿತ್ತು. ಆಯಿಯನ್ನು ಅಡಿಗೆಮನೆಯ ಕಟ್ಟೆಯ ಮುಂದೆ ನಿಲ್ಲಿಸಿದೆ. ಗೋದಿಯ ಮೊರ ಬಲಕ್ಕೆ, ಹಸನಾದದ್ದನ್ನು ಹಾಕುವ ಡಬ್ಬಿ ಇನ್ನೂ ಬಲಕ್ಕೆ. ಮೈಭಾರ ತಾನಾಗಿಯೇ ಬಲಗಾಲಿನ ಮೇಲೆ ಬೀಳಬೇಕು, ಹಾಗೆ. ಹರಳು ಹುಡುಕುವ ಭರದಲ್ಲಿ ಆಯಿಗೆ ಕಾಲು ಮರೆಯುತ್ತಿತ್ತು. ಇಣುಕಿ ನೋಡುವ ಭರತನಿಗೆ ನಾನು ಹೊರಗೆ ಹೋಗು ಎಂದು ಕೈಸನ್ನೆ ಮಾಡುತ್ತಿದ್ದೆ. ಹೀಗೆ ನಿಂತೂ ನಿಂತೂ ಎರಡು ಬೆರಳು ಒಂದೂವರೆ ಆಯಿತು, ಒಂದಾಯಿತು. ಆ ಒಂದು ಬೆರಳು ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ.

ಮುನಿಗಳು ಬಂದರು. ಆಯಿ ಬಾಗಿಲಲ್ಲಿ ನಿಲ್ಲುವ ದಿನ ನನ್ನನ್ನೂ ಕರೆದಿದ್ದರು. ಕಷ್ಟವೆಂದರೆ, ದವಾಖಾನೆ, ಸಂಡಾಸು ಎಲ್ಲ ತಿರುಗಿದ ವಾಕರ್ ಮಡಿಗೆ ನಡೆಯದು. ಮಡಿಯುಟ್ಟ ಆಯಿಯನ್ನು ನಾನು ಮುಟ್ಟುವ ಹಾಗಿಲ್ಲ. ಮನೆಯವರ ಕೈಗಳಲ್ಲೆಲ್ಲ ಕಲಶ, ಕಾಯಿ. ಆಯಿಯ ಕಾಲೇ ಆಯಿಯನ್ನು ಹೊರಬೇಕು. ನಾನು ಎದುರಿನ ಕಟ್ಟೆಯ ಹತ್ತಿರ ನಿಂತೆ. ಸೀರೆಯೊಳಗಿನ ಮೊಣಕಾಲು ಕಾಣದಿದ್ದರೂ ನನಗೆ ನೆರಿಗೆ ಸಾಕು. ಮೊಣಕಾಲು ಬಾಗಿದ್ದರೆ ಅಲ್ಲಿ ನೆರಿಗೆ ಉಬ್ಬಿ ಮುಂದೆ ಬರುತ್ತದೆ. ಅವತ್ತು ನೆರಿಗೆ ಮೇಲಿಂದ ಕೆಳಗೆ ನೆಟ್ಟಗೆ ಇಳಿದಿತ್ತು.

ಗಲ್ಲಿಯ ತುದಿಯಲ್ಲಿ ಮುನಿಗಳು ಕಾಣಿಸಿದರು, ಬಲಗೈಯ ಬೆರಳುಗಳನ್ನು ಕೂಡಿಸಿ ಹೆಗಲಿಗೆ ಹಚ್ಚಿಕೊಂಡು, ನೆಲ ನೋಡುತ್ತಾ ಮೆಲ್ಲಗೆ ಬಂದರು. ಬಾಗಿಲು ಬಾಗಿಲಿನಿಂದಲೂ “ನಮೋಸ್ತು, ನಮೋಸ್ತು” ಎಂದು ಕರೆ. ಆಯಿಯ ದೊಡ್ಡ ದನಿ ಎಲ್ಲಕ್ಕಿಂತ ಮೇಲೆ ಕೇಳಿತು. ಮುನಿಗಳು ಆಯಿಯ ಮುಂದೆ ಒಂದು ಗಳಿಗೆ ತಡೆದರು. ಮತ್ತೆ ಮುಂದೆ ನಡೆದುಬಿಟ್ಟರು. ನಾಲ್ಕು ಮನೆ ಆಚೆ, ವಾಡೆ ಎನ್ನುವ ಹಳೆಯ ದೊಡ್ಡ ಮನೆಯ ಬಾಗಿಲಲ್ಲಿ ನಿಂತರು. ಅಲ್ಲಿ ಅವರ ಸಂಕಲ್ಪ ಕೂಡಿಬಂದಿತ್ತು.

ಸುರೇಖಾ ಬಿಕ್ಕಿದಳು. “ನಾಳೆ ಬಂದಾರು ಆಯಿ. ಸಾಕು, ಒಳಗ ನಡಿ, ಮಲಕ್ಕೊ” ಅಂದ ಭರತ.

ಆಯಿ ಕಲಶವನ್ನು ಸೊಸೆಯ ಕೈಗೆ ಕೊಟ್ಟರು. “ನಾಳೀದು ನಾಳಿಗೆ. ಇವತ್ತ ನಾ ನಿಂತೀನಿ” ಅಂದರು. ಅಂದು ಬೀದಿಗೆ ಇಳಿದೇಬಿಟ್ಟರು. ಮಡಿಯಲ್ಲಿರುವ ನೆರೆಹೊರೆಯವರೂ ಆಹಾರ ನಡೆಯುವ ಮನೆಗೆ ಹೋಗಿ ಒಂದು ತುತ್ತು ಕೊಡಬಹುದು, ಆ ಪದ್ಧತಿ ಉಂಟು. ಆದರೆ ವಾಡೆಯ ಬಾಗಿಲಿಗೆ ಎತ್ತರದ ಕಲ್ಲಿನ ಮೆಟ್ಟಿಲುಗಳು. ಮೆಟ್ಟಿಲು ಹತ್ತುವುದನ್ನು ನಾನು ಇನ್ನೂ ಕಲಿಸಿಯೇ ಇರಲಿಲ್ಲ. ನಾನು ಓಡಿದೆ. ಆಯಿ ಮೊದಲ ಮೆಟ್ಟಿಲ ಮುಂದೆ ನಿಂತಿದ್ದರು, ಭರತನ ಎರಡೂ ಕೈ ಅವರ ಸೊಂಟದತ್ತ ಚಾಚಿದ್ದವು.

“ಮುಟ್ಟಬ್ಯಾಡ್ರಿ! ಹಿಂದ ನಿಂದರ್ರಿ, ಅಷ್ಟ” ಅಂದೆ. “ಆಯಿ, ಛಲೋ ಕಾಲು ಮೊದಲ ಮ್ಯಾಲ ಇಡ್ರಿ. ಆಪರೇಷನ್ ಕಾಲು ಹಿಂದಿಂದ ಬರಲಿ.”

ಆಯಿ ಎಡಗಾಲು ಇಟ್ಟರು. ಬಲಗಾಲು ಎಳೆದುಕೊಂಡರು. ಬಾಗಿಲ ಚೌಕಟ್ಟು ಹಿಡಿಯಲಿಲ್ಲ. ಹಿಂದೆಯೇ ಭರತ ಒಂದೊಂದೇ ಮೆಟ್ಟಿಲು ಏರಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಆ ಕೈಗಳು ಒಂದನ್ನೊಂದು ಹಿಸುಕುತ್ತಿದ್ದುದು ನನಗೆ ಕಾಣುತ್ತಿತ್ತು.

ತೆರೆದ ಬಾಗಿಲಿಂದ ಒಳಗೆ ನಡೆಯುವುದು ಕಾಣಿಸಿತು. ಆಯಿ ತಮ್ಮ ಸರದಿ ಬರುವ ತನಕ ನಿಂತರು. ನೆರಿಗೆ ಅಲುಗಲಿಲ್ಲ. ಸರದಿ ಬಂದಾಗ ತುತ್ತು ತೆಗೆದುಕೊಂಡು ಮುನಿಗಳ ಬೊಗಸೆಯಲ್ಲಿ ಇಟ್ಟರು, ಇನ್ನೊಂದು ಇಟ್ಟರು. ಆಮೇಲೂ ಆಹಾರ ಮುಗಿಯುವವರೆಗೆ ಕೈಮುಗಿದು ಗೋಡೆಗೆ ಒರಗದೆ ನಿಂತೇ ಇದ್ದರು. ನಾನು ದೇವರು ದಿಂಡಿರು ಅಂತ ಹೆಚ್ಚು ಹಚ್ಚಿಕೊಂಡವಳಲ್ಲ. ಅವತ್ತು ಬೀದಿಯಲ್ಲಿ ನಿಂತು ಕೈ ಮುಗಿದೆ. ಮುನಿಗಳಿಗೋ, ಆ ಮೊಣಕಾಲಿಗೋ ನನಗೇ ತಿಳಿಯದು.

ಆಯಿ ಹೊರಬಂದು ಮೇಲಿನ ಮೆಟ್ಟಿಲಲ್ಲಿ ನಿಂತರು. ಹಿಡಿಯಲು ಬಂದವರನ್ನೆಲ್ಲ ಕೈ ಅಡ್ಡ ಮಾಡಿ ತಡೆದು, ಗಲ್ಲಿಗೆಲ್ಲ ಕೇಳುವಂತೆ ಕೂಗಿದರು:

“ಏ ತಂಗಿ, ಏರೂದು ಹೇಳಿದಿ. ಇಳಿಯೂ ಮುಂದ ಯಾವ ಕಾಲು ಮೊದಲ?”

ಜನ ಗೊಳ್ಳೆಂದು ನಕ್ಕರು. ನನಗೆ ಅಳು ಉಕ್ಕಿ ಬಂದಿತ್ತು. ನನ್ನ ಬಲತೊಡೆಯನ್ನೇ ಬಡಿದು ತೋರಿಸಿದೆ. ಆಯಿಗೆ ತಿಳಿಯಿತು. ಬಲಗಾಲು ಕೆಳಗೆ ಇಟ್ಟರು, ಎಡಗಾಲು ತಂದರು. ಹಾಗೆಯೇ ಒಂದೊಂದಾಗಿ ಇಳಿದು ನನ್ನ ಮುಂದೆ ಬಂದು ನಿಂತರು. ಆಹಾರ ಮುಗಿದಿತ್ತು, ಇನ್ನು ಮುಟ್ಟಲು ಅಡ್ಡಿಯಿರಲಿಲ್ಲ. ನನ್ನ ರಟ್ಟೆ ಹಿಡಿದು, “ಯಾಕ, ನಿನ್ನ ಕಾಲು ನಡಗಾಕತ್ತಾವಲ್ಲ? ಬಾ, ಇಲ್ಲೆ ಕುಂದ್ರ” ಅಂತ ಕಟ್ಟೆಯ ಮೇಲೆ ಕೂರಿಸಿದರು.

ನಾನು ಕೂತೆ. ಆಯಿ ನನ್ನ ಪಕ್ಕದಲ್ಲಿ ನಿಂತೇ ಇದ್ದರು.